ಸಾಕು ಎನ್ನುವ ಅಭ್ಯಾಸ

ಜೂನ್ ೯

ಪ್ರೀತಿಯ ಅಪ್ಪ,

ಫೋನ್ ಇರುವಾಗ ಕಾಗದ ಯಾಕೆ ಎಂದು ಹುಬ್ಬೇರಿಸಬೇಡ. ಫೋನ್ ಮಾಡಿದರೆ ಅಮ್ಮ ಸ್ಪೀಕರ್ ಹಾಕುತ್ತಾಳೆ. ನೀನು "ಹೂಂ, ಚೆನ್ನಾಗಿದೀನಿ, ಊಟ ಆಯ್ತಾ" ಎಂದು ಅಲ್ಲಿಗೇ ಮುಗಿಸಿಬಿಡುತ್ತೀಯ, ಮಿಕ್ಕಿದ್ದೆಲ್ಲ ಅವಳೇ ಮಾತಾಡುತ್ತಾಳೆ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ನಿನಗೂ ಓದಲು ಏನಾದರೂ ಬೇಕಲ್ಲ.

ಸಂಶೋಧನೆಗೆಂದು ಸೇರಿದ ಮೇಲೆ ನನಗೆ ಕೊಟ್ಟಿರುವ ಕೋಣೆ ನೆಲಮಾಳಿಗೆಯಲ್ಲಿದೆ. ಕಿಟಕಿ ಇಲ್ಲ. ಒಂದು ಮೇಜು, ಮೂರು ಕುರ್ಚಿ, ಮೇಜಿನ ಮೇಲೆ ಐಸ್ ತುಂಬಿದ ನೀರಿನ ತೊಟ್ಟಿ. ತೊಟ್ಟಿಯೊಳಗೆ ಒಂದು ಪುಟ್ಟ ಮೋಟಾರು ನೀರನ್ನು ತಿರುಗಿಸುತ್ತಲೇ ಇರುತ್ತದೆ. ನೀರು ನಿಂತುಬಿಟ್ಟರೆ ಕೈಯ ಸುತ್ತ ಬೆಚ್ಚಗಾಗಿ ಲೆಕ್ಕ ತಪ್ಪುತ್ತದೆ. ಪ್ರಯೋಗಕ್ಕೆ ಒಪ್ಪಿ ಬಂದವರು ಅದರಲ್ಲಿ ಮಣಿಕಟ್ಟಿನವರೆಗೆ ಕೈ ಇಡಬೇಕು, ತಡೆಯಲಾರದಷ್ಟು ನೋವಾದಾಗ ತೆಗೆಯಬೇಕು. ಎಷ್ಟು ಹೊತ್ತು ಇಟ್ಟರು, ಹತ್ತಕ್ಕೆ ಎಷ್ಟು ನೋವು ಎಂದರು, ಇವನ್ನು ನಾನು ಬರೆದುಕೊಳ್ಳಬೇಕು. ಅರ್ಧ ಜನ ಒಬ್ಬರೇ ಕೂರುತ್ತಾರೆ. ಇನ್ನರ್ಧ ಜನ ತಮ್ಮವರನ್ನು ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ. ಹತ್ತಿರದವರು ಜೊತೆಗಿದ್ದರೆ ನೋವು ಕಡಿಮೆಯಾಗುತ್ತದೆಯೇ ಎನ್ನುವುದು ನಮ್ಮ ಮೇಡಂ ಅವರ ಪ್ರಶ್ನೆ.

ಸುಲಭ ಅನ್ನಿಸುತ್ತದೆ ಅಲ್ಲವಾ? ಕಷ್ಟವಿರುವುದೆಲ್ಲ ನನ್ನ ಮುಖದ್ದು. ಎಲ್ಲರಿಗೂ ಅದೇ ಮಾತನ್ನು ಅದೇ ದನಿಯಲ್ಲಿ ಕಾರ್ಡು ನೋಡಿಕೊಂಡು ಓದಬೇಕು. ತಲೆಯಾಡಿಸಬಾರದು, ಭೇಷ್ ಎನ್ನಬಾರದು, ಅಯ್ಯೋ ಎನ್ನಬಾರದು. ನನ್ನ ಮುಖದಲ್ಲಿ ಏನು ಕಂಡರೂ ಎದುರಿನವರು ಅದಕ್ಕೆ ತಕ್ಕ ಉತ್ತರ ಕೊಟ್ಟುಬಿಡುತ್ತಾರಂತೆ. ಮೇಡಂ ನನ್ನನ್ನು ಕನ್ನಡಿಯ ಮುಂದೆ ಕೂರಿಸಿ ಓದಿಸಿದರು. "ನೀನು ಸಂತಾಪ ಸೂಚಿಸ್ತಾ ಇದೀಯ. ಸುಮ್ನೆ ಓದು" ಎಂದರು. ಏನು ಮಾಡಲಿ, ನಮ್ಮ ಮನೆಯವರಿಗೆ ಹೊಟ್ಟೆಯಲ್ಲಿದ್ದದ್ದೆಲ್ಲ ಮುಖಕ್ಕೇ ಬರುತ್ತದೆ. ನಿನ್ನೊಬ್ಬನನ್ನು ಬಿಟ್ಟು.

ಹೊಟ್ಟೆಯ ಗಡ್ಡೆ ತೆಗೆದ ಮೇಲೆ ಶುರುವಾದ ಡ್ರಿಪ್ಪುಗಳು ಈ ತಿಂಗಳಿಗೆ ಮುಗಿಯುತ್ತವಲ್ಲವಾ? ಹೇಗಿದ್ದೀಯ ಎಂದು ನಿಜವಾಗಿ ಬರೆ.

ನಿನ್ನ
ಮೊಂಡಿ


ಜೂನ್ ೨೬

ಮೊಂಡಿಗೆ ಅಪ್ಪನ ಆಶೀರ್ವಾದಗಳು.

ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿದೆ ಎಂದು ನಗಬೇಡ, ಪೆನ್ನು ಸರಿಯಿಲ್ಲ.

ಇಷ್ಟು ವರ್ಷ ಓದಿದ್ದು ಊರವರ ಕೈಯನ್ನು ಐಸ್ ನೀರಿಗೆ ಹಾಕಿಸುವುದಕ್ಕಾ ಎಂದು ನಿಮ್ಮಮ್ಮ ಕೇಳಿದಳು. ನಾನು ನಿನ್ನ ಪರವಾಗಿಯೇ ಮಾತಾಡಿದೆ. ನಾನು ನಲವತ್ತು ವರ್ಷ ಊರವರ ಸೊಂಟಕ್ಕೆ ಟೇಪು ಸುತ್ತಿದ್ದೇನೆ, ಮಗಳು ನೋವಿಗೆ ಸುತ್ತಲಿ ಬಿಡು ಎಂದೆ.

ಡ್ರಿಪ್ಪು ಮುಗಿಯಿತು. ಮುಂದಿನ ತಿಂಗಳು ಸ್ಕ್ಯಾನು. ಆಸ್ಪತ್ರೆಗೆ ಹೋಗುವ ದಿನ ನಿಮ್ಮಮ್ಮ ಬೆಳಗ್ಗೆಯೇ ಎದ್ದು ಒಳ್ಳೆಯ ಬಟ್ಟೆ ಉಟ್ಟು ತಯಾರಾಗಿರುತ್ತಾಳೆ. ನರ್ಸುಗಳೆಲ್ಲ ಈಗ ಅವಳ ಗೆಳತಿಯರು, ಯಾರ ಮಗುವಿಗೆ ಹಲ್ಲು ಬಂತು ಎನ್ನುವುದೆಲ್ಲ ಅವಳಿಗೆ ಗೊತ್ತು. ಪಕ್ಕದಲ್ಲಿ ತಮ್ಮವರಿದ್ದರೆ ನೋವು ಕಡಿಮೆಯಾಗುತ್ತದೆಯೇ ಎಂದು ನಿಮ್ಮ ಮೇಡಂ ಕೇಳುತ್ತಾರಲ್ಲ, ನನ್ನನ್ನು ಕೇಳಲಿ. ಇವಳ ಬಾಯಿ ಒಂದು ನಿಮಿಷ ಸುಮ್ಮನಿದ್ದರೆ ತಾನೇ ನೋವು ಎಲ್ಲಿದೆ ಎಂದು ನಾನು ಹುಡುಕುವುದು!

ಅಂಗಡಿ ಚೆನ್ನಾಗಿ ನಡೆಯುತ್ತಿದೆ. ನನ್ನ ಚಿಂತೆ ಬಿಟ್ಟು ನಿನ್ನ ಕೆಲಸ ನೋಡು.

ಇಂತಿ,
ಅಪ್ಪ


ಜುಲೈ ೨೦

ಪ್ರೀತಿಯ ಅಪ್ಪ,

ಕೆಲಸಕ್ಕೆ ಕೈ ಕುದುರಿದೆ. ಲಾರಿ ಓಡಿಸುವವರು, ಬ್ಯಾಂಕಿನವರು, ಕಾಲೇಜು ಹುಡುಗರು, ಎಂಥೆಂಥವರೋ ಬರುತ್ತಾರೆ. ಮೊದಲು ಒಪ್ಪಿಗೆ ಪತ್ರ ಓದಿ ಹೇಳಿ ಸಹಿ ಹಾಕಿಸಿಕೊಳ್ಳುತ್ತೇನೆ. ಆಮೇಲೆ ಅವರ ಕೈಯನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಇಡಿಸುತ್ತೇನೆ, ಎಲ್ಲರ ಕೈಯೂ ಒಂದೇ ಬಿಸಿಯಿಂದ ಶುರುವಾಗಲಿ ಎಂದು. ನಾನು ಎದುರಿಗೆ ಕೂತರೆ ಗಂಡಸರು ಕೈ ತೆಗೆಯುವುದೇ ಇಲ್ಲ. ಮೇಡಂಗೆ ಇದು ಮೊದಲೇ ಗೊತ್ತಿತ್ತು, ಮೇಜಿಗೆ ಅಡ್ಡಲಾಗಿ ಒಂದು ಪರದೆ ಹಾಕಿಸಿದ್ದಾರೆ. ಈಗ ನಾನು ಪರದೆಯ ಈಚೆ ಕೂತು ಕೇಳುತ್ತೇನೆ, ಅವರು ಆಚೆಯಿಂದ ಹೇಳುತ್ತಾರೆ.

ಲೆಕ್ಕ ಚೆನ್ನಾಗಿ ಬರುತ್ತಿದೆ. ಜೊತೆಗೆ ಯಾರಾದರೂ ಇದ್ದವರು ಒಬ್ಬರೇ ಕೂತವರಿಗಿಂತ ತುಂಬ ಹೊತ್ತು ತಡೆದುಕೊಳ್ಳುತ್ತಾರೆ, ನೋವೂ ಕಡಿಮೆ ಎನ್ನುತ್ತಾರೆ. ಮೇಡಂ ಎಂದೂ ನಗದವರು ಮೊನ್ನೆ ನಕ್ಕರು.

ಒಂದು ತಮಾಷೆ ಕೇಳು. ಹೊಸದಾಗಿ ಮದುವೆಯಾದ ಜೋಡಿಯೊಂದು ಬಂದಿತ್ತು. ಹೆಂಡತಿ ಪಕ್ಕದಲ್ಲಿ ಕೂತು "ತುಂಬಾ ನೋಯ್ತಿದ್ಯಾ?" ಎಂದು ಕೇಳುತ್ತಾಳೆ. ಈತ "ಛೇ, ಇದೇನು ಮಹಾ" ಎನ್ನುತ್ತಾನೆ. ನಾನು ಕೇಳಿದರೆ "ಎರಡು" ಎಂದ. ಆಮೇಲೆ ಅವಳು ಕೈ ತೊಳೆಯಲು ಹೋದಾಗ ನೋಡುತ್ತೇನೆ, ಹುಡುಗ ಕಾರಿಡಾರಿನಲ್ಲಿ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕುಣಿಯುತ್ತಿದ್ದಾನೆ. ನಾನು ಎರಡು ಎಂದೇ ಬರೆದುಕೊಂಡೆ. ಹೇಳಿದ್ದನ್ನು ಬರೆದುಕೊಳ್ಳುವುದಷ್ಟೇ ನನ್ನ ಕೆಲಸ.

ಸ್ಕ್ಯಾನು ಯಾವತ್ತು? ನಿನ್ನ ಪೆನ್ನು ಇನ್ನೂ ಸರಿಹೋಗಿಲ್ಲ ಅನ್ನಿಸುತ್ತದೆ, ಲಕೋಟೆಯ ಮೇಲಿನ ವಿಳಾಸವನ್ನು ಅಮ್ಮನ ಕೈಯಲ್ಲಿ ಬರೆಸಿದ್ದೀಯ.

ನಿನ್ನ
ಮೊಂಡಿ


ಆಗಸ್ಟ್ ೧೨

ಮಗಳೇ,

ನಾನು ಬರೆಯುತ್ತಿರುವುದು ನಿಮ್ಮಪ್ಪನಿಗೆ ಗೊತ್ತಿಲ್ಲ. ಸ್ಕ್ಯಾನು ಚೆನ್ನಾಗಿ ಬಂದಿಲ್ಲ. ಲಿವರಿನಲ್ಲಿ ಮತ್ತೆ ಕಾಣಿಸಿಕೊಂಡಿದೆಯಂತೆ. ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು, "ಪೂರ್ತಿ ಗುಣ ಆಗಲ್ಲ. ಆದ್ರೆ ಮತ್ತೆ ಔಷಧಿ ಹಾಕಿದ್ರೆ ಇನ್ನಷ್ಟು ತಿಂಗಳು ಸಿಗಬಹುದು. ಶುರು ಮಾಡೋಣ್ವಾ?" ನಿಮ್ಮಪ್ಪ ನನ್ನ ಮುಖ ನೋಡಿದರು. ಆಮೇಲೆ "ಆಗ್ಲಿ, ನೀವು ಹೇಳಿದ ಹಾಗೆ" ಎಂದರು. ಗಟ್ಟಿಯಾಗಿಯೇ ಅಂದರು. ನನಗೆ ಹೋದ ಜೀವ ಬಂದಂತಾಯಿತು. ಇನ್ನು ಏನೂ ಆಗುವುದಿಲ್ಲ ಅನ್ನಿಸುತ್ತಿದೆ, ಅಷ್ಟು ದೊಡ್ಡ ಡಾಕ್ಟರು ಹೇಳುವಾಗ.

ಆದರೆ ಒಂದು ಹೆದರಿಕೆ. ಹಿಂದಿನ ಡ್ರಿಪ್ಪುಗಳಿಂದ ಅವರ ಬೆರಳುಗಳಿಗೆ ತಣ್ಣನೆಯದು ತಾಗಿದರೆ ಸೂಜಿ ಚುಚ್ಚಿದಂತಾಗುತ್ತದೆ. ಕೊಳಾಯಿ ನೀರು ಮುಟ್ಟುವುದಿಲ್ಲ. ಲೋಟ ಎತ್ತುವುದಕ್ಕೂ ಉಣ್ಣೆಯ ಕೈಗವಸು ಹಾಕಿಕೊಳ್ಳುತ್ತಾರೆ, ನಾನು ನೋಡಿದರೆ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾರೆ. ಇನ್ನೊಂದು ಕಡೆ ನಿಜವಾದ ಸೂಜಿ ಚುಚ್ಚಿದರೆ ಗೊತ್ತೇ ಆಗುವುದಿಲ್ಲ. ಅಂಗಡಿ ಮುಚ್ಚಿ ಬಹಳ ದಿನವಾಯಿತು. ಹೊಲಿಗೆ ಮಷೀನಿಗೆ ಬಟ್ಟೆ ಹೊದಿಸಿ ಇಟ್ಟಿದ್ದಾರೆ. ನಿನಗೆ ತಿಳಿಸಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು.

ಎಲ್ಲಿ ಮನಸ್ಸು ಬದಲಾಯಿಸಿಬಿಡುತ್ತಾರೋ ಎಂದು ನನಗೆ ಜೀವವೇ ಇಲ್ಲ. ನೀನು ಹೇಳಿದರೆ ಕೇಳುತ್ತಾರೆ. ಧೈರ್ಯ ಹೇಳಿ ಒಂದು ಕಾಗದ ಹಾಕು.

ನಿನ್ನ ಅಮ್ಮ


ಆಗಸ್ಟ್ ೨೪

ಪ್ರೀತಿಯ ಅಪ್ಪ,

ಅಮ್ಮ ಎಲ್ಲ ಬರೆದಿದ್ದಾಳೆ. ಅವಳ ಮೇಲೆ ರೇಗಬೇಡ. ನಿನಗೆ ಧೈರ್ಯ ಹೇಳು ಎಂದಿದ್ದಾಳೆ. ಬರೆಯೋಣವೆಂದು ಕೂತೆ, ಆದರೆ ಇಲ್ಲಿ ನಡೆದದ್ದೊಂದು ಅಡ್ಡ ಬರುತ್ತಿದೆ. ಮೊದಲು ಅದನ್ನು ಹೇಳಿಬಿಡುತ್ತೇನೆ.

ಹೋದ ವಾರ ಒಬ್ಬರು ನಿವೃತ್ತ ಟೀಚರ್ ಬಂದಿದ್ದರು, ಜೊತೆಗೆ ಅವರ ತಂಗಿ. ನಾನು ಕಾರ್ಡು ಓದಿದೆ: "ನೀವು ಯಾವಾಗ ಬೇಕಾದರೂ ಕೈ ತೆಗೆಯಬಹುದು. ಕಾರಣ ಹೇಳಬೇಕಾಗಿಲ್ಲ." ಆಗಲಿ ಎಂದು ಕೈ ಇಟ್ಟರು. ನೋವೆಷ್ಟು ಎಂದು ಕೇಳಿದಾಗಲೆಲ್ಲ ಮೂರು, ಮೂರೇ ಎನ್ನುತ್ತಿದ್ದರು. ನಾನು ಪರದೆಯ ಈಚೆ ಬರೆದುಕೊಳ್ಳುತ್ತಿದ್ದೆ. ತಂಗಿ ಕಿರುಚಿದಾಗ ಎದ್ದು ನೋಡುತ್ತೇನೆ, ಅವರು ಬಿಳಿಚಿಕೊಂಡು ಕುರ್ಚಿಯಿಂದ ಜಾರುತ್ತಿದ್ದಾರೆ. ನೆಲದ ಮೇಲೆ ಮಲಗಿಸಿ ಕಾಲು ಎತ್ತಿ ಹಿಡಿದೆವು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟರು, ಹೆಚ್ಚಿನದೇನೂ ಆಗಲಿಲ್ಲ.

"ಯಾಕೆ ಟೀಚರ್ ಕೈ ತೆಗೀಲಿಲ್ಲ?" ಎಂದೆ.

"ನೀವು ಪಾಪ ಬರ್ಕೊಳ್ತಾ ಕೂತಿದ್ರಿ. ಇವಳು ಬೇರೆ ಕೆಲಸ ಬಿಟ್ಟು ನನಗೋಸ್ಕರ ಬಂದಿದ್ಳು. ಮಧ್ಯದಲ್ಲಿ ಹೇಗಮ್ಮ ತೆಗೆಯೋದು?"

"ಯಾವಾಗ ಬೇಕಾದ್ರೂ ತೆಗೀಬಹುದು ಅಂತ ಓದಿದ್ನಲ್ಲ?"

"ಓದಿದ್ರಿ. ಹೊರಟವರಿಗೆ ಬಾಗಿಲಲ್ಲಿ ನಿಂತು 'ಊಟ ಮಾಡ್ಕೊಂಡು ಹೋಗಿ' ಅಂತೀವಲ್ಲ, ಹಾಗೆ ಅಂದ್ಕೊಂಡೆ. ಅದನ್ನ ನಿಜ ಅಂತ ತಿಳ್ಕೊಂಡು ಯಾರಾದ್ರೂ ವಾಪಸ್ ಬಂದು ಕೂತ್ಕೋತಾರಾ?"

ಮೇಡಂ ಆ ದಿನವೇ ಕೆಲಸ ನಿಲ್ಲಿಸಿದರು. ಜೊತೆಗಾರರ ಸಮೇತ ಬಂದಿದ್ದವರಿಗೆಲ್ಲ ಫೋನ್ ಮಾಡಿ ವಿಚಾರಿಸಿದೆವು. ಎಷ್ಟೋ ಜನ ನಕ್ಕು ಅದನ್ನೇ ಹೇಳಿದರು. ನೋವೇನೂ ಕಡಿಮೆಯಾಗಿರಲಿಲ್ಲ, ಪಕ್ಕದಲ್ಲಿ ನಮ್ಮವರು ಕೂತಿರುವಾಗ ಸಾಕು ಎನ್ನಲು ಬಾಯಿ ಬರಲಿಲ್ಲ, ಅಷ್ಟೇ. "ಇಷ್ಟು ದಿನ ನಾವು ದಾಕ್ಷಿಣ್ಯ ಅಳೀತಾ ಕೂತಿದ್ವಿ" ಎಂದರು ಮೇಡಂ. ಜೂನ್ ತಿಂಗಳಿಂದ ಕೂಡಿಹಾಕಿದ ಡೇಟಾ ಎಲ್ಲ ನೀರಿನಲ್ಲಿ ಹೋಮ.

ಅಪ್ಪ, ಡಾಕ್ಟರು ಕೇಳಿದಾಗ ನಿನ್ನ ಪಕ್ಕದಲ್ಲಿ ಅಮ್ಮ ಕೂತಿದ್ದಳು. ನೀನು ಅವಳ ಮುಖ ನೋಡಿ ಆಗಲಿ ಎಂದೆಯಂತೆ. ಅದನ್ನು ಓದಿದಾಗಿನಿಂದ ನನಗೆ ನಿದ್ದೆಯಿಲ್ಲ. ಅದಕ್ಕೇ ಕೇಳುತ್ತೇನೆ. ಈ ಔಷಧಿ ನಿನಗೆ ಬೇಕಾ? ಬೇಕು ಎಂದರೆ ರಜೆ ಹಾಕಿ ಬಂದು ಆಸ್ಪತ್ರೆಯಲ್ಲಿ ನಿನ್ನ ಜೊತೆ ಕೂರುತ್ತೇನೆ. ಬೇಡ ಎಂದರೆ ಅಮ್ಮನಿಗೆ ನಾನೇ ಹೇಳುತ್ತೇನೆ. ಯಾವುದನ್ನು ಹೇಳಿದರೂ ಯಾಕೆ ಎಂದು ಕೇಳುವುದಿಲ್ಲ. ಉತ್ತರ ಬರೆಯುವಾಗ ಅಮ್ಮ ಪಕ್ಕದಲ್ಲಿರಬಾರದು. ನನಗೇನು ಬೇಕು ಎನ್ನುವುದನ್ನು ಈ ಕಾಗದದಲ್ಲಿ ಬರೆಯುವುದಿಲ್ಲ. ಬರೆದರೆ ನೀನು ಅದನ್ನೇ ನಿನ್ನ ಉತ್ತರ ಮಾಡಿ ಕಳಿಸಿಬಿಡುತ್ತೀಯ.

ನಿನ್ನ
ಮೊಂಡಿ


ಸೆಪ್ಟೆಂಬರ್ ೨

ಮೊಂಡಿಗೆ,

ಕಾಗದ ಸೇರಿತು. ಹೆತ್ತ ಅಪ್ಪನನ್ನೂ ತೊಟ್ಟಿಯ ಮುಂದೆ ಕೂರಿಸಿದೆಯಲ್ಲ, ಶಭಾಷ್. ಬೇಕೋ ಬೇಡವೋ, ನಿನ್ನಿಷ್ಟ, ನನಗೆರಡೂ ಒಂದೇ ಎಂದು ಒಳ್ಳೇ ಕಾರ್ಡು ಓದಿದ ಹಾಗೆ ಕೇಳಿದ್ದೀಯ. ಡಾಕ್ಟರಾದರೂ ಹೆಗಲ ಮೇಲೆ ಕೈಯಿಟ್ಟು ಕೇಳಿದರು.

ಗುರುವಾರ ಮೊದಲ ಡ್ರಿಪ್ಪು. ನಿಮ್ಮಮ್ಮ ಎಲ್ಲ ತಯಾರಿ ಮಾಡಿಕೊಂಡಿದ್ದಾಳೆ. ಈ ವಿಷಯ ಮತ್ತೆ ಎತ್ತಬೇಡ.

ಅಪ್ಪ


ಸೆಪ್ಟೆಂಬರ್ ೧೫

ಅಪ್ಪ,

ಎತ್ತುವುದಿಲ್ಲ. ನನ್ನ ಕೆಲಸದ ಸುದ್ದಿಯನ್ನಷ್ಟೇ ಬರೆಯುತ್ತೇನೆ.

ಮತ್ತೆ ಮೊದಲಿನಿಂದ ಶುರು ಮಾಡಿದ್ದೇವೆ. ಪರದೆಯನ್ನು ತೆಗೆಸಿ ಮುಖ ಕಾಣುವಂತೆ ಓರೆಯಾಗಿ ಕೂರುತ್ತೇನೆ. ಮೇಡಂ ಹೊಸದೊಂದು ಕ್ರಮ ಸೇರಿಸಿದ್ದಾರೆ. ಐಸ್ ನೀರಿಗೆ ಕೈ ಹಾಕುವ ಮೊದಲೇ, ಇನ್ನೂ ಬೆಚ್ಚಗಿನ ನೀರಿನಲ್ಲಿರುವಾಗಲೇ, ಬಂದವರು ಒಮ್ಮೆ ಗಟ್ಟಿಯಾಗಿ "ಸಾಕು" ಎಂದು ಹೇಳಿ ಕೈ ತೆಗೆದು ತೋರಿಸಬೇಕು. ಜೊತೆಗೆ ಬಂದವರು ಆಗ ಹೊರಗೆ ಕಾಯುತ್ತಿರಬೇಕು. ಒಂದು ಸಲ ಬಾಯಿಂದ ಹೊರಟ ಮಾತು ಮತ್ತೆ ಹೊರಡುವುದಕ್ಕೆ ಅಷ್ಟು ಕಷ್ಟಪಡುವುದಿಲ್ಲ ಎನ್ನುತ್ತಾರೆ ಮೇಡಂ.

ನಿನ್ನೆ ಒಬ್ಬ ಅಜ್ಜಿ ಬಂದಿದ್ದರು. "ಸಾಕು ಅನ್ನಿ ಅಜ್ಜಿ" ಎಂದೆ. "ಪರವಾಗಿಲ್ಲ" ಎಂದರು. "ಪರವಾಗಿಲ್ಲ ಅಲ್ಲ, ಸಾಕು ಅನ್ನಿ." "ಅಯ್ಯೋ, ಏನೂ ಆಗ್ತಿಲ್ಲ ಕಣಮ್ಮ, ಬೆಚ್ಚಗೇ ಇದೆ." ಸುಮಾರು ಹೊತ್ತು ಹೀಗೇ ನಡೆಯಿತು. ಕೊನೆಗೊಮ್ಮೆ ಸಾಕು ಎಂದರು. ಅಂದವರೇ ಏನೋ ತಪ್ಪು ಮಾಡಿದವರ ಹಾಗೆ ಬಾಗಿಲ ಕಡೆ ನೋಡಿದರು, ಅದರಾಚೆ ಅವರ ಗಂಡ ಕೂತಿದ್ದರು.

ಆ ಗುರುವಾರ ನನಗೆ ಕಾರ್ಡು ಓದಲಾಗಲಿಲ್ಲ. ಮೇಡಂ ಆವತ್ತಿನ ಮಟ್ಟಿಗೆ ಬೇರೆಯವರನ್ನು ಕೂರಿಸಿದರು.

ನಿನ್ನ
ಮೊಂಡಿ


ಅಕ್ಟೋಬರ್ ೫

ಮೊಂಡಿಗೆ ಅಪ್ಪನ ಆಶೀರ್ವಾದಗಳು.

ಇದನ್ನು ಬರೆಯಲು ಮೂರು ದಿನ ಹಿಡಿಯಿತು. ಪೆನ್ನು ಚೆನ್ನಾಗಿಯೇ ಇದೆ, ಬೆರಳಿಗೆ ಅದು ಗೊತ್ತಾಗುವುದಿಲ್ಲ. ಮೊದಲಿಂದಲೂ ಅಷ್ಟೇ.

ಅಂಗಡಿ ಯಾಕೆ ಮುಚ್ಚಿದೆ ಎಂದು ನಿಮ್ಮಮ್ಮನಿಗೂ ಪೂರ್ತಿ ಗೊತ್ತಿಲ್ಲ. ಹಳೇ ಗಿರಾಕಿಯೊಬ್ಬರ ಬಿಳಿ ಶರಟಿಗೆ ಗುಂಡಿ ಹಾಕುತ್ತಿದ್ದೆ. ಮುಗಿಸಿ ಮಡಿಸಿ ನೋಡಿದರೆ ಮುಂಭಾಗಕ್ಕೆಲ್ಲ ರಕ್ತ. ಬೆರಳಿಗೆ ಎಷ್ಟು ಸಲ ಚುಚ್ಚಿಕೊಂಡಿದ್ದೆನೋ ತಿಳಿಯದು. ಅವರು ಒಳ್ಳೆಯವರು, "ತೊಳೆದ್ರೆ ಹೋಗತ್ತೆ ಬಿಡಿ" ಎಂದರು. ನಾನು ಆವತ್ತೇ ಬೀಗ ಹಾಕಿದೆ.

ಗುರುವಾರದ ಡ್ರಿಪ್ಪು ಆದ ಮೇಲೆ ಏನು ತಿಂದರೂ ದಕ್ಕಲಿಲ್ಲ. ಹಾಸಿಗೆಯಲ್ಲಿ ಗೋಡೆ ಕಡೆ ತಿರುಗಿ ಮಲಗಿರುತ್ತಿದ್ದೆ. ನಿಮ್ಮಮ್ಮ ಮಂಚದ ತುದಿಯಲ್ಲಿ ಕೂತು, ಇದೆಲ್ಲ ಮುಗಿದ ಮೇಲೆ ಎಲ್ಲೆಲ್ಲಿಗೆ ಹೋಗಬೇಕು, ಮುಂದಿನ ವರ್ಷ ಮನೆಗೆ ಯಾವ ಬಣ್ಣ ಹೊಡೆಸಬೇಕು ಎಂದು ಹೇಳುತ್ತಿದ್ದಳು. ನಾನು ಹಸಿರು ಎಂದೆ. ಹೇಳಬೇಕಲ್ಲ ಏನಾದರೂ.

ನಿನ್ನ ಮೇಲೆ ಸಿಟ್ಟಿತ್ತು. ಆದರೆ ಆ ಅಜ್ಜಿಯ ಕಥೆ ತಲೆಯಲ್ಲೇ ಕೂತಿತು. ಒಂದು ದಿನ ಬಚ್ಚಲಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ನಾನೂ ಹೇಳಿ ನೋಡಿದೆ. ನಗಬೇಡ. ಬಾಯಲ್ಲಿ ಮೊದಲು ಬಂದದ್ದು ಪರವಾಗಿಲ್ಲ ಎಂದೇ.

ಹತ್ತು ದಿನದ ಹಿಂದೆ ಮುಂದಿನ ಡ್ರಿಪ್ಪಿಗೆಂದು ಹೊರಟು ಬಸ್ ಸ್ಟಾಪಿನಲ್ಲಿ ಕೂತಿದ್ದೆವು. ಬಸ್ಸು ಬಂತು. ಅವಳು ಚೀಲ ಎತ್ತಿಕೊಂಡು ಹತ್ತಲು ಹೋದಳು. ನಾನು ಏಳಲಿಲ್ಲ.

"ಬನ್ನಿ, ಹೊರಟುಬಿಡತ್ತೆ" ಎಂದಳು.

"ಸಾಕು ಕಣೆ" ಎಂದೆ.

ಕಂಡಕ್ಟರು ಬರ್ತೀರೋ ಇಲ್ವೋ ಎಂದು ಕೂಗಿ ಸೀಟಿ ಊದಿದ. ಬಸ್ಸು ಹೋಯಿತು. ಅವಳು ಬಂದು ಪಕ್ಕದಲ್ಲಿ ಕೂತಳು. "ನಾನೇನು ಬಲವಂತ ಮಾಡಿದ್ನಾ?" ಎಂದು ಕೇಳಿದಳು.

"ಇಲ್ಲ."

"ಮತ್ತೆ ಯಾಕೆ ಹೂಂ ಅಂದ್ರಿ?"

"ನೀನು ಪಕ್ಕದಲ್ಲಿದ್ಯಲ್ಲ."

ರಸ್ತೆಯಲ್ಲೇ ಅತ್ತಳು. ಮನೆಗೆ ಬಂದ ಮೇಲೆ ಎರಡು ದಿನ ನನ್ನ ಜೊತೆ ಮಾತಿಲ್ಲ, ತಟ್ಟೆ ತಂದು ಕುಕ್ಕುತ್ತಿದ್ದಳು. ಆಮೇಲೆ ತಾನೇ ಒಬ್ಬಳೇ ಆಸ್ಪತ್ರೆಗೆ ಹೋಗಿ ಡಾಕ್ಟರಿಗೆ ಹೇಳಿ ಬಂದಳು. ಆವತ್ತು ಒಳ್ಳೆಯ ಬಟ್ಟೆ ಉಡಲಿಲ್ಲ. ನೋವಿಗೆ ಬೇರೆ ಮಾತ್ರೆ ಕೊಟ್ಟಿದ್ದಾರೆ. ಈಗ ಊಟ ಸೇರುತ್ತಿದೆ. ಸಂಜೆ ಹೊತ್ತು ನಾವಿಬ್ಬರೂ ತಿರುವಿನವರೆಗೆ ನಡೆದು ಬರುತ್ತೇವೆ. ಮಾತು ಕಡಿಮೆಯಾಗಿದೆ ಅವಳದು. ಅದೊಂದು ನನಗೆ ಸಹಿಸಲು ಕಷ್ಟ.

ನಿನಗೆ ಉತ್ತರ ಕೊಟ್ಟಾಯಿತು. ಇನ್ನು ಅದು ಬದಲಾಗುವುದಿಲ್ಲ. ಈಗ ನನ್ನದೊಂದು ಪ್ರಶ್ನೆ ಇದೆ. ನಿನಗೇನು ಬೇಕು ಎನ್ನುವುದನ್ನು ಬರೆಯುವುದಿಲ್ಲ ಎಂದು ನೀನು ಹೇಳಿದ್ದೆ. ಆ ಒಂದು ಸಾಲನ್ನು ನಾನು ಎಷ್ಟು ಸಲ ಓದಿದೆನೋ. ನಿನ್ನ ಕೋಣೆಯಲ್ಲಿ ಅದು ಸರಿಯಿರಬಹುದು. ಮನೆಯಲ್ಲಿ ಮಲಗಿಕೊಂಡು ಓದುವವನಿಗೆ ಏನೇನೋ ಅನ್ನಿಸುತ್ತದೆ. ದೂರದಲ್ಲಿದ್ದಾಳೆ, ಅವಳ ಕೆಲಸ ಅವಳಿಗೆ, ಅಪ್ಪ ಒಂದು ದಡ ಸೇರಲಿ ಎಂದು ಕೇಳಿದಳೇನೋ ಎಂದು ಒಂದು ರಾತ್ರಿ ಅಂದುಕೊಂಡೆ. ಹಾಗಿರಲಾರದು ಎಂದು ಗೊತ್ತು. ಆದರೂ ಆ ಅನುಮಾನ ಇಟ್ಟುಕೊಂಡು ನಾನು ಹೋಗಲಾರೆ. ಇನ್ನಾದರೂ ಬರೆ.

ಅಪ್ಪ


ಅಕ್ಟೋಬರ್ ೧೦

ಅಪ್ಪ,

ನನಗೆ ನೀನು ಬೇಕು. ಇನ್ನೂ ಇಪ್ಪತ್ತು ವರ್ಷ ಬೇಕು. ಅಷ್ಟು ಸಿಗುವುದಿಲ್ಲ ಎಂದಾದರೆ ಡಾಕ್ಟರು ಹೇಳಿದ ಆ ಕೆಲವು ತಿಂಗಳಾದರೂ ಬೇಕು, ಹೇಗಿದ್ದರೂ ಸರಿ, ಗೋಡೆ ಕಡೆ ತಿರುಗಿ ಮಲಗಿದ್ದರೂ ಸರಿ. ಆಗಸ್ಟಿನಲ್ಲಿ ಕಾಗದ ಬರೆಯಲು ಕೂತಾಗ ಮೊದಲು ಬರೆದದ್ದು "ಹಾಕಿಸಿಕೋ ಅಪ್ಪ, ನನಗೋಸ್ಕರ" ಎಂದು. ಹರಿದು ಹಾಕಿದೆ. ಮತ್ತೆ ಬರೆದೆ, ಮತ್ತೆ ಹರಿದೆ. ನಿನಗೆ ತಲುಪಿದ ಕಾಗದದಲ್ಲಿ ನನ್ನ ಮುಖ ಕಾಣದಂತೆ ಮಾಡಲು ನಾನು ಪಟ್ಟ ಪಾಡು ಯಾವ ಪ್ರಯೋಗಕ್ಕೂ ಪಟ್ಟಿಲ್ಲ. ನೀನು ಬೇಕು ಎಂದೇ ಬರೆಯುತ್ತೀಯ ಎಂದು ಆಸೆಯಿಟ್ಟುಕೊಂಡು ಕೇಳಿದ್ದೆ. ಗುರುವಾರ ಡ್ರಿಪ್ಪು ಎಂದು ನೀನು ಬೈದು ಬರೆದಾಗ ನನಗೆ ಒಳಗೊಳಗೇ ಸಮಾಧಾನವಾಗಿತ್ತು.

ಬಸ್ಸು ಹೋಯಿತು ಎನ್ನುವಲ್ಲಿಗೆ ಬಂದಾಗ ಕಾಗದ ಮಡಿಸಿಟ್ಟುಬಿಟ್ಟೆ. ನಿನ್ನ ಮೇಲೆ ತುಂಬಾ ಸಿಟ್ಟು ಬಂತು. ಅಮ್ಮನ ಮೇಲೆ ಬಂತು, ನಿನ್ನನ್ನು ಎತ್ತಿ ಬಸ್ಸಿಗೆ ಹತ್ತಿಸಲಿಲ್ಲ ಎಂದು. ಮೇಡಂ ಮೇಲೂ ಬಂತು, ಪಾಪ. ಮಿಕ್ಕಿದ್ದನ್ನು ಮಾರನೆಯ ದಿನ ಓದಿದೆ.

ಇದನ್ನೆಲ್ಲ ತಿಳಿದ ಮೇಲೂ ನೀನು ಮನಸ್ಸು ಬದಲಾಯಿಸಬೇಡ. ಬದಲಾಯಿಸಿದರೆ ನನಗೆ ಸಂತೋಷವಾಗುತ್ತದೆ, ಅದಕ್ಕೇ ಹೇಳುತ್ತಿದ್ದೇನೆ.

ಮೇಡಂಗೆ ಹೇಳಿದೆ. ಏನೂ ಕೇಳದೆ ರಜೆಗೆ ಸಹಿ ಹಾಕಿದರು. ಶನಿವಾರ ಬೆಳಗ್ಗೆ ಬರುತ್ತೇನೆ, ನೀನಿರುವಷ್ಟು ದಿನ ಅಲ್ಲೇ ಇರುತ್ತೇನೆ. ಬಂದ ಕೂಡಲೇ ಅಳುತ್ತೇನೆ. ಆಮೇಲೂ ಆಗಾಗ ಅಳುತ್ತೇನೆ. ನೀನು ನನ್ನನ್ನು ಸಮಾಧಾನ ಮಾಡಬೇಕಾಗಿಲ್ಲ.

ನಿನ್ನ
ಮೊಂಡಿ